ಹಸಿರು ನೀರು

ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲ. ಹೋಗಲಿ, ಇರುವಾಗಲೇ ಬರೆದುಬಿಡುತ್ತೇನೆ.

ಅರಸೀಕೆರೆಯಲ್ಲಿ ನನ್ನದೊಂದು ಮರದ ಗಾಣ ಇದೆ. ನಮ್ಮ ತೋಟದ ಕೊಬ್ಬರಿಯಿಂದ ಎಣ್ಣೆ ತೆಗೆದು ಬಾಣಾವರ, ಹಳೇಬೀಡು, ಬೇಲೂರಿನ ಅಂಗಡಿ, ಹೋಟೆಲುಗಳಿಗೆ ಕೊಡುತ್ತೇನೆ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಇದು. ಮೊದಮೊದಲು ಎಣ್ಣೆಯ ಟಿನ್ನುಗಳು ಭಾವನ ಪಿಕಪ್ಪಿನಲ್ಲಿ ಹೋಗುತ್ತಿದ್ದವು. ಭಾವ ಅಂದರೆ ನನ್ನ ಗಂಡನ ಅಣ್ಣ, ಕೊಬ್ಬರಿ ಮಂಡಿ ಇಟ್ಟವರು, ಪಕ್ಕದ ಮನೆಯಲ್ಲೇ ಇರುವವರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಬೈದು ಸುಮ್ಮನಾಗುತ್ತಿದ್ದೆ.

ಬೇಲೂರಿಗೆ ಎಣ್ಣೆ ಹೋಗಬೇಕೆಂದರೆ ಬೆಳಿಗ್ಗೆ ಎದ್ದು ಅವರ ಜಗಲಿಯ ಮುಂದೆ ನಿಲ್ಲಬೇಕಿತ್ತು. ಅವರ ಪೂಜೆ ಮುಗಿಯಬೇಕು, ತಿಂಡಿ ಮುಗಿಯಬೇಕು, ಮಂಡಿಯಿಂದ ಫೋನು ಬರಬೇಕು. ಆಮೇಲೆ ನನ್ನ ಕಡೆ ತಿರುಗಿ, "ಓ, ನೀನು ನಿಂತಿದೀಯಾ? ನಾಳೆ ನೋಡನ ಕಣಮ್ಮ" ಅಂದರೆ ಮುಗಿಯಿತು. ಟಿನ್ನುಗಳು ವಾಪಸು ಒಳಗೆ. ಹಳೇಬೀಡಿನ ಹೋಟೆಲಿನವರು, "ಅಕ್ಕಾ, ನಿಮ್ಮೆಣ್ಣೆ ಕಾಯ್ಕಂಡ್ ಕೂತ್ರೆ ನಮ್ ಒಲೆ ಆರೋಯ್ತದೆ" ಎಂದು ಫೋನಿನಲ್ಲೇ ನಗುತ್ತಿದ್ದರು. ನಗುತ್ತಲೇ ಬೇರೆ ಕಡೆ ಎಣ್ಣೆ ತರಿಸಿಕೊಳ್ಳುತ್ತಿದ್ದರು.

ಹಾಗೆ ನಿಂತು ನಿಂತು ಸಾಕಾಗಿ, ಐವತ್ತರ ಹತ್ತಿರ ಬಂದ ಮೇಲೆ ಡ್ರೈವಿಂಗ್ ಕಲಿತೆ. ಗಾಣದ ದುಡಿಮೆಯಿಂದ ಒಂದು ಕಾರು ಕೊಂಡೆ. ಊರಿನವರಿಗೆ ಅದು ಶೋಕಿ ಅನ್ನಿಸಿತು. ನನಗೆ ಅದು ಯಾರ ಜಗಲಿಯ ಮುಂದೆಯೂ ನಿಲ್ಲದೆ ಬದುಕುವ ದಾರಿಯಾಗಿತ್ತು.

ಆ ಕಾರನ್ನು ನಾನು ನೋಡಿಕೊಂಡ ಹಾಗೆ ಯಾರೂ ನೋಡಿಕೊಂಡಿರಲಿಕ್ಕಿಲ್ಲ. ನನ್ನನ್ನು ಬೆಳೆಸಿದ್ದು ಅಜ್ಜಿ. ಎಮ್ಮೆಗೆ ಹಿಂಡಿ ಇಡುವ ಮುಂಚೆ ಅವಳು ಒಂದು ಚೂರು ಮುರಿದು ತನ್ನ ಬಾಯಿಗೇ ಹಾಕಿಕೊಂಡು ನೋಡುತ್ತಿದ್ದಳು. "ಬಾಯಿಲ್ದ ಜೀವ ಕಣೇ. ಬೂಷ್ಟು ಹಿಡಿದಿದ್ದು ಇಟ್ರೆ ಬಂದು ಹೇಳ್ತದಾ?" ಎನ್ನುತ್ತಿದ್ದಳು. ನನ್ನ ಮಾತು, ನನ್ನ ಬೈಗುಳ, ನನ್ನ ಹಟ ಎಲ್ಲ ಅವಳಿಂದ ಬಂದದ್ದು. ಕಾರಿನ ವಿಷಯದಲ್ಲೂ ಹಾಗೇ ನಡೆದುಕೊಂಡೆ. ಇಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟು ಎಲ್ಲವನ್ನೂ ಹಾಸನದ ಕಂಪನಿ ಅಂಗಡಿಯಿಂದಲೇ ಸೀಲ್ ನೋಡಿ ತರುತ್ತಿದ್ದೆ. ಫಿಲ್ಟರು, ಬೆಲ್ಟು, ಪೈಪು ಯಾವುದೇ ಆಗಲಿ ಒರಿಜಿನಲ್ಲೇ ಆಗಬೇಕು. "ಕ್ವಾಲಿಟಿ ಅದೇ ಅಕ್ಕ, ಬರೀ ಡಬ್ಬ ಬೇರೆ" ಅಂತ ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಗಾಣದ ಎಣ್ಣೆಯ ಪಕ್ಕದಲ್ಲಿ ಎಂಥದ್ದೋ ಬೆರಕೆ ಎಣ್ಣೆ ಇಟ್ಟುಕೊಂಡು ಇದೇ ಮಾತನ್ನು ಹೇಳಿ ಮಾರುವವರನ್ನು ದಿನಾ ನೋಡುತ್ತೇನಲ್ಲ!

ವಾರಕ್ಕೊಮ್ಮೆ ನಾನೇ ಬಾನೆಟ್ ಎತ್ತಿ ನೋಡುತ್ತಿದ್ದೆ. ರೇಡಿಯೇಟರಿನ ವಿಷಯದಲ್ಲಂತೂ ಬಹಳ ಕಟ್ಟುನಿಟ್ಟು. ನಮ್ಮ ಕಡೆಯ ಬೋರ್ ನೀರು ಎಂಥದ್ದು ಅಂತ ಇಲ್ಲಿ ಸ್ನಾನಕ್ಕೆ ನೀರು ಕಾಯಿಸಿದವರಿಗೆಲ್ಲ ಗೊತ್ತು. ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಕಟ್ಟಿಕೊಳ್ಳುತ್ತದೆ. ಇಂಜಿನ್ನಿನ ಸಣ್ಣ ಸಣ್ಣ ದಾರಿಗಳಲ್ಲಿ ಅದು ಕಟ್ಟಿಕೊಂಡರೆ ಬಿಸಿ ಹೊರಗೆ ಹೋಗುವುದಾದರೂ ಎಲ್ಲಿಂದ? ಹಾಗಾಗಿ ಇಂಜಿನ್ನನ್ನು ತಣ್ಣಗಿಡುವ ಹಸಿರು ಕೂಲೆಂಟು ಬಿಟ್ಟರೆ ಬೇರೆ ಏನನ್ನೂ ಹಾಕುತ್ತಿರಲಿಲ್ಲ. ನಾನು ಬಾನೆಟ್ ಎತ್ತಿದ ದಿನ ಭಾವ ಕಾಂಪೌಂಡಿನ ಆಚೆಯಿಂದ, "ಏನಮ್ಮ, ಇವತ್ತು ಕಾರಿಗೆ ಅಭಿಷೇಕವೋ?" ಎಂದು ಕೂಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವರ ಮಗಳಿಗೆ ಮದುವೆ ಗೊತ್ತಾಯಿತು. ಲಗ್ನಪತ್ರಿಕೆ ಹಂಚಲು ನೆಂಟರ ಮನೆಮನೆಗೂ ಹೋಗಬೇಕು.

"ಪಿಕಪ್ಪಲ್ಲಿ ಹೋದ್ರೆ ಕೊಬ್ಬರಿ ಕೊಳ್ಳಾಕ್ ಬಂದವ್ರೆ ಅನ್ಕಂಡ್ ಚೀಲ ಹೊರಗಿಡ್ತಾರೆ ಕಣಮ್ಮ," ಅಂದರು ಭಾವ. "ನಾಕ್ ದಿನ ನಿನ್ನ ಕಾರ್ ಕೊಡು."

ಮದುವೆ ಕೆಲಸಕ್ಕೆ ಕೇಳಿದಾಗ ಇಲ್ಲ ಅನ್ನಲಾಗುತ್ತದೆಯೇ? ಕೀ ಕೈಗೆ ಕೊಡುವಾಗ ಹೇಳಿದೆ, "ದಾರೀಲಿ ಏನೇ ಆದ್ರೂ ನನಗೊಂದು ಫೋನ್ ಮಾಡಿ ಭಾವ. ಬೇರೆ ಯಾರ ಕೈಲೂ ಬಾನೆಟ್ ಮುಟ್ಟಿಸಬೇಡಿ."

"ಆಯ್ತು ತಾಯಿ. ನಾನೇನು ಇವತ್ತು ನಿನ್ನೆ ಗಾಡಿ ಓಡಿಸ್ತಿರೋನಾ?"

ಕಾರು ತೊಳೆಸಿಕೊಂಡು ವಾಪಸು ಬಂತು. ಮುಂದುಗಡೆ ಸೇವಂತಿಗೆ ಹಾರ. ಓರಗಿತ್ತಿ ಕೊಬ್ಬರಿ ಮಿಠಾಯಿಯ ಡಬ್ಬಿ ತಂದು ಕೊಟ್ಟು, "ನಿನ್ನ ಗಾಡಿ ಪುಣ್ಯ, ಎಲ್ಲಾ ಸಲೀಸಾಯ್ತು" ಅಂದಳು. ಭಾನುವಾರ ಬಾನೆಟ್ ಎತ್ತಿ ನೋಡಿದೆ. ಕೂಲೆಂಟಿನ ಡಬ್ಬಿಯಲ್ಲಿ ಹಸಿರು ಕಾಣುತ್ತಿತ್ತು, ಗೆರೆಯ ಮಟ್ಟಕ್ಕೇ ಇತ್ತು. ಪರವಾಗಿಲ್ಲ, ಭಾವ ಜೋಪಾನವಾಗಿ ತಂದಿದ್ದಾರೆ ಅಂದುಕೊಂಡೆ.

ಕೆಲವು ವಾರಗಳ ಮೇಲೆ ಹಳೇಬೀಡು ದಾಟಿ ಬೇಲೂರಿನ ಕಡೆ ಹೊರಟಿದ್ದೆ. ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಏರಿದ್ದನ್ನು ನೋಡಿ ಗಾಡಿಯನ್ನು ಪಕ್ಕಕ್ಕೆ ಹಾಕುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಬುಸ್ಸೆಂದು ನುಗ್ಗಿತು. ಹಿಂದೆ ಎಣ್ಣೆಯ ಟಿನ್ನುಗಳು, ಮೇಲೆ ಬಿಸಿಲು. ಹೋಗುವವರೆಲ್ಲ ನಿಧಾನ ಮಾಡಿ, ಡ್ರೈವರ್ ಸೀಟಿನ ಕಡೆ ನೋಡಿ, ಹೆಂಗಸು ಅಂತ ಗೊತ್ತಾದ ಮೇಲೆ ಇನ್ನೊಂದು ಸಲ ನೋಡಿ ಮುಂದೆ ಹೋದರು.

ಕಾರನ್ನು ಎಳೆಸಿಕೊಂಡು ಅರಸೀಕೆರೆಯ ನನ್ನ ಮೆಕ್ಯಾನಿಕ್ಕಿನ ಶೆಡ್ಡಿಗೆ ತಂದೆ. ಅವನು ಬಿಚ್ಚಿ ನೋಡಿ ತಲೆ ಕೆರೆದುಕೊಂಡ.

"ಇಂಜಿನ್ ಹೆಡ್ಡೇ ಬೆಂಡಾಗಿದೆ ಅಕ್ಕ. ಗ್ಯಾಸ್ಕೆಟ್ ಹೋಗಿದೆ. ಅದಿರ್ಲಿ, ರೇಡಿಯೇಟರಿನ ಈ ಹೋಸ್ ಪೈಪು ಯಾರು ಹಾಕಿದ್ದು? ಇದು ಈ ಗಾಡೀದೇ ಅಲ್ಲ. ಕೂಲೆಂಟು ಅಂತ ಇರೋದು ಬರೀ ಬಣ್ಣದ ನೀರು, ನೋಡಿ, ಒಳಗೆಲ್ಲ ಬೆಳ್ಳಗೆ ಕಟ್ಟಿದೆ."

ನಾನಲ್ಲ. ಅವನೂ ಅಲ್ಲ. ಸಂಜೆ ಭಾವನನ್ನು ನೇರವಾಗಿ ಕೇಳಿದೆ, "ಪತ್ರಿಕೆ ಹಂಚೋಕೆ ಹೋದಾಗ ಕಾರಿಗೆ ಏನಾದ್ರೂ ಆಗಿತ್ತಾ?"

"ಏನೂ ಇಲ್ವಲ್ಲಮ್ಮ! ಹೂವಿನಂಗೆ ಓಡ್ತು. ಆ ಮೆಕ್ಯಾನಿಕ್ಕೇ ಕೈ ಆಡ್ಸವ್ನೆ. ಒರಿಜಿನಲ್ಲು ತೆಗ್ದು ಮಾರ್ಕಂಡು ಡೂಪ್ಲಿಕೇಟ್ ಹಾಕವ್ನೆ. ಇದೆಲ್ಲ ನಿಂಗೆ ಗೊತ್ತಾಗಕಿಲ್ಲ." ಆಮೇಲೆ ದನಿ ತಗ್ಗಿಸಿ, ಬಹಳ ಅಂತಃಕರಣದಿಂದ ಹೇಳಿದರು, "ಮಾರ್ಬಿಡಮ್ಮ ಅದನ್ನ. ಹೆಂಗಸ್ರು ಗೇರ್ ಎಳೆಯೋದೇ ಹಂಗೆ, ಇಂಜಿನ್ನು ಕಾಯ್ದೇ ಇರ್ತದಾ? ನಮ್ ಪಿಕಪ್ ಇಲ್ವಾ? ನಾನಿಲ್ವಾ?"

ಮರುದಿನದಿಂದ ಮತ್ತೆ ಅದೇ ಜಗಲಿ, ಅದೇ ಪೂಜೆ, ಅದೇ ತಿಂಡಿ, ಅದೇ "ನಾಳೆ ನೋಡನ". ನಾನು ವರ್ಷಗಟ್ಟಲೆ ಕಷ್ಟಪಟ್ಟು ದಾಟಿ ಬಂದಿದ್ದ ಜಾಗಕ್ಕೆ ಯಾರೋ ಕೈ ಹಿಡಿದು ವಾಪಸು ತಂದು ನಿಲ್ಲಿಸಿದ ಹಾಗಾಯಿತು. ಒಂದು ದಿನ ಪಿಕಪ್ಪಿನಲ್ಲಿ ಜಾಗ ಸಿಗಲಿಲ್ಲ. ಎರಡು ಟಿನ್ನು ಹೊತ್ತುಕೊಂಡು ಬಸ್ಸಿನಲ್ಲೇ ಹಳೇಬೀಡಿಗೆ ಹೋದೆ. ಕಂಡಕ್ಟರು ಲಗೇಜು ಅಂತ ರಾಗ ತೆಗೆದ.

ಟಿನ್ನು ಇಳಿಸಿಕೊಳ್ಳುತ್ತ ಹೋಟೆಲಿನವರು ಕೇಳಿದರು, "ಯಾಕಕ್ಕ ಬಸ್ಸಲ್ಲಿ? ಗಾಡಿ ಮತ್ತೆ ಕೈ ಕೊಡ್ತಾ?"

"ಮತ್ತೆ ಅಂದ್ರೆ? ಮುಂಚೆ ಕೆಟ್ಟಿತ್ತು ಅಂತ ನಿಮಗೆ ಯಾರು ಹೇಳಿದ್ರು?"

"ಹೇಳೋದೇನು ಬಂತು, ನಮ್ ಮುಂದೇನೇ ಹೊಗೆ ಎಬ್ಬಿಸ್ಕಂಡ್ ನಿಂತಿತ್ತಲ್ಲ! ನಿಮ್ ಭಾವ ಪತ್ರಿಕೆ ಹಂಚಾಕ್ ಬಂದಿದ್ರಲ್ಲ, ಅವತ್ತು. ನಂಗೂ ಒಂದು ಪತ್ರಿಕೆ ಕೊಟ್ರು. ಪಕ್ಕದ ಶೆಡ್ಡೋನೇ ಅಲ್ವಾ ಸರಿ ಮಾಡ್ಕೊಟ್ಟಿದ್ದು?"

ಪಕ್ಕದ ಶೆಡ್ಡಿಗೆ ಹೋದೆ. ಅವನು ಟಯರಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಮುಚ್ಚಿಡಬೇಕು ಅಂತ ಅವನಿಗೆ ಅನ್ನಿಸಿದಂತೆಯೇ ಕಾಣಲಿಲ್ಲ.

"ಹೋಸ್ ಒಡೆದಿತ್ತು ಅಕ್ಕಾ. ಒರಿಜಿನಲ್ಲು ಹಾಸನದಿಂದ ಬರ್ಬೇಕು, ನಾಳೆ ಆಯ್ತದೆ ಅಂದೆ. ಬೇಲೂರ್ ಕಡೆ ಇನ್ನೂ ಪತ್ರಿಕೆ ಕೊಡೋದೈತೆ, ಇವತ್ತೇ ಆಗ್ಬೇಕು ಅಂದ್ರು. ಬೇರೆ ಗಾಡೀದೊಂದು ಬಿದ್ದಿತ್ತು, ಕೊಯ್ದು ಕೂರ್ಸಿದೆ. ಬೋರ್ ನೀರು ತುಂಬ್ಸಿದೆ."

"ಮತ್ತೆ ಹಸಿರು?"

"ಅದು ಯಜಮಾನ್ರೇ ಹೇಳಿದ್ದು. 'ಬಣ್ಣ ಮಾತ್ರ ಹಂಗೇ ಇರ್ಲಪ್ಪ, ನಮ್ಮನೆ ಹೆಣ್ಮಗಳು ಬಾನೆಟ್ ಎತ್ತಿ ನೋಡ್ತಾಳೆ' ಅಂದ್ರು. ಕ್ಯಾನಲ್ಲಿ ಲೂಸ್ ಹಸಿರು ಬಣ್ಣ ಬತ್ತದಲ್ಲಕ್ಕ, ಅದನ್ನ ಒಂದ್ ಲೋಟ ಹುಯ್ದೆ."

ಜಾವಗಲ್, ಬಾಣಾವರ ದಾಟಿ ಬಸ್ಸು ಅರಸೀಕೆರೆ ಸೇರುವವರೆಗೂ ಆ ಒಂದು ಮಾತು ನನ್ನನ್ನು ಸುಟ್ಟಿತು. ಹೋಸ್ ಒಡೆಯುವುದು ಯಾರ ಕೈಯಲ್ಲಾದರೂ ಆಗಬಹುದು. ನೀರು ಹಾಕಿದ್ದನ್ನೂ ದಾರಿಯ ಆತುರ ಅಂತ ಬಿಡೋಣ. ಆದರೆ ನಾನು ಬಾನೆಟ್ ಎತ್ತಿ ನೋಡುತ್ತೇನೆ ಅನ್ನುವುದು ಅವರಿಗೆ ನೆನಪಿತ್ತು. ಫೋನ್ ಮಾಡಿ ಅಂತ ಹೇಳಿದ್ದು ಮರೆತಿತ್ತು, ಇದು ನೆನಪಿತ್ತು! ನನ್ನ ಜೋಪಾನವನ್ನೇ ಅಳತೆ ಹಿಡಿದು, ಅದಕ್ಕೆ ಸರಿಯಾಗಿ ನನ್ನ ಕಣ್ಣಿಗೆ ಮಣ್ಣೆರಚಿದ್ದರು. ಸಾಲದ್ದಕ್ಕೆ ಏನೂ ಅರಿಯದ ಮೆಕ್ಯಾನಿಕ್ಕನ್ನು ಕಳ್ಳ ಅಂದರು, ನನ್ನನ್ನು ಗೇರು ಹಾಕಲು ಬಾರದವಳು ಅಂದರು.

ಮನೆಗೆ ಬಂದರೆ ನನ್ನ ಜಗಲಿಯಲ್ಲೇ ಭಾವ ಕೂತಿದ್ದರು. ಪಕ್ಕದಲ್ಲಿ ಬಿಳಿ ಅಂಗಿಯ ಒಬ್ಬ ಹೊಸಬ. ಓರಗಿತ್ತಿ ಇಬ್ಬರಿಗೂ ಕಾಫಿ ಕೊಟ್ಟಿದ್ದಳು.

"ಬಾರಮ್ಮ, ಒಳ್ಳೇ ಟೈಮಿಗೆ ಬಂದೆ. ಇವ್ರು ಬಾಣಾವರದೋರು. ನಿನ್ನ ಗಾಡೀನ ಶೆಡ್ಡಲ್ಲೇ ನೋಡ್ಕಂಡ್ ಬಂದವ್ರೆ. ಇದ್ದಂಗೇ ತಗೋತಾರಂತೆ. ನಿಂಗೂ ತಾಪತ್ರಯ ತಪ್ತದೆ."

ಹೊಸಬ ಕೈ ಮುಗಿದ. "ಗಾಡಿ ಚೆನ್ನಾಗಿ ಮಡಗಿದೀರಿ ಅಮ್ಮೋರೆ. ಇಂಜಿನ್ನೊಂದು ಯಾಕಂಗಾಯ್ತು ಅಂತ ತಿಳಿದ್ರೆ ಮಾತಾಡ್ಬೌದು."

ಇಲ್ಲಿ ನಮ್ಮ ಭಾವನ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಮಂಡಿಯಲ್ಲಿ ಗಿರಾಕಿ ಎದುರಿಗೆ ನಿಂತರೆ ಅವರು ಚೀಲವನ್ನು ಬುಡಮೇಲು ಸುರಿದು, ಕೆಟ್ಟ ಕೊಬ್ಬರಿಯನ್ನು ತಾವೇ ಆರಿಸಿ ಆಚೆ ಎಸೆಯುತ್ತಾರೆ. ಕೊಳ್ಳುವವನಿಗೆ ಸುಳ್ಳು ಹೇಳಿದರು ಅನ್ನುವ ಮಾತನ್ನು ಅವರ ಮೇಲೆ ಇವತ್ತಿನವರೆಗೂ ಯಾರೂ ಆಡಿಲ್ಲ. ನನಗೂ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ಅದನ್ನ ಭಾವನೇ ಹೇಳ್ತಾರೆ ಕೇಳಿ. ನಾನು ಈಗ ಹಳೇಬೀಡಿಂದ ಬಂದೆ. ಹೋಟೆಲ್ ಪಕ್ಕದ ಶೆಡ್ಡಿಗೂ ಹೋಗಿದ್ದೆ."

ಭಾವನ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಓರಗಿತ್ತಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ಹೇಳಿ ಭಾವ. ಕೊಳ್ಳೋರು ಕೇಳ್ತಾವ್ರೆ."

ಅವರು ನನ್ನನ್ನು ನೋಡಲಿಲ್ಲ. ಬಾಣಾವರದವನ ಕಡೆ ತಿರುಗಿ, ಮಂಡಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು. "ನಾನೇ ಓಡಿಸ್ಕಂಡ್ ಹೋಗಿದ್ದೆ. ಹೋಸ್ ಒಡೀತು. ಸಿಕ್ಕಿದ್ದು ಹಾಕ್ಸಿದೆ. ಬೋರ್ ನೀರು ಹುಯ್ಸಿ, ಕಾಣ್ದೇ ಇರ್ಲಿ ಅಂತ ಬಣ್ಣ ಹಾಕ್ಸಿದೆ. ಇವ್ಳಿಗೆ ಹೇಳ್ನಿಲ್ಲ."

"ಏನ್ ಯಜಮಾನ್ರೇ, ನಿಮ್ಮಂತೋರು…" ಅಂದ ಅವನು. ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. "ಈ ಅಮ್ಮೋರು ಗಾಡಿ ಮಾರೋ ಪೈಕಿ ಕಾಣಕಿಲ್ಲ. ನಾ ಬತ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ಭಾವ ಲೋಟವನ್ನು ಕೆಳಗಿಟ್ಟರು. "ನಿಂಗೆ ಬೇಜಾರಾಗ್ಬಾರ್ದು ಅಂತ ಕಣಮ್ಮ, ಹೇಳ್ದೇ ಇದ್ದಿದ್ದು."

"ಬೇಜಾರು ಮಾಡ್ಕೊಳ್ಳೋಕೆ ನನಗೆ ಬರ್ತದೆ ಭಾವ! ಅವತ್ತೇ ಹೇಳಿದ್ರೆ ಒಂದಿನ ಬೇಜಾರು ಮಾಡ್ಕೊಂಡು, ಆ ನೀರು ಚೆಲ್ಲಿಸಿ, ಪೈಪು ಬದಲಾಯಿಸಿ ಸುಮ್ಮನಾಗ್ತಿದ್ದೆ. ಇಂಜಿನ್ ಉಳೀತಿತ್ತು. ಗಿರಾಕಿಗೆ ಹೇಳೋ ನಿಜ ಮನೆಯೋಳಿಗೆ ಯಾಕಿಲ್ಲ? ನಾನೇನು ಕೈಗೂಸಾ?"

"ರಿಪೇರಿ ನಾನ್ ಮಾಡಿಸ್ಕೊಡ್ತೀನಿ ಬಿಡು. ನಮ್ ಪರಿಚಯದೋನ್ ಒಬ್ಬ ಅವ್ನೆ, ಸಾಮಾನೂ ಅವನೇ ತರ್ತಾನೆ…"

"ಪರಿಚಯದೋರು ಬೇಡ!" ನಾನು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. "ಸಾಮಾನು ನಾನು ತರ್ತೀನಿ. ಕಾರು ಮಾರಲ್ಲ. ನೀವು ಮಾಡ್ಬೇಕಾದ್ದು ಒಂದೇ. ಆ ಮೆಕ್ಯಾನಿಕ್ಕಿನ ಹತ್ರ ಹೋಗಿ, ಅವನದೇನೂ ತಪ್ಪಿಲ್ಲ ಅಂತ ಹೇಳಿ ಬನ್ನಿ."

ಹೋಗಿ ಹೇಳಿದರು. ಮೆಕ್ಯಾನಿಕ್ಕಿಗೆ ಎಷ್ಟು ಮುಜುಗರವಾಯಿತೆಂದರೆ ಅವರಿಗೇ ಟೀ ತರಿಸಿ ಕುಡಿಸಿ ಕಳಿಸಿದನಂತೆ. ಗ್ಯಾಸ್ಕೆಟ್ಟು, ಹೋಸು, ಕೂಲೆಂಟು ಎಲ್ಲವನ್ನೂ ಹಾಸನದಿಂದ ನಾನೇ ತಂದೆ. ರೇಡಿಯೇಟರನ್ನು ಬಿಚ್ಚಿ ತೊಳೆಯುವಾಗ ಒಳಗಿನಿಂದ ಹೊಟ್ಟಿನ ಹಾಗೆ ಬಿಳಿ ಚಕ್ಕೆಗಳು ಉದುರಿದವು. ನಾನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಅಷ್ಟನ್ನೂ ನೋಡಿದೆ, ಸಿಟ್ಟು ಇನ್ನಷ್ಟು ಬರಲಿ ಅಂತಲೇ.

ಮದುವೆಯ ಹಿಂದಿನ ದಿನ ಭಾವ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಕೂರಲಿಲ್ಲ.

"ಬೀಗರು ರೈಲಲ್ಲಿ ಬತ್ತಾವ್ರೆ. ಹಿರೀಕ್ರು ಜತೇಲವ್ರೆ. ಪಿಕಪ್ಪಲ್ಲಿ ಕೂರ್ಸಕ್ಕಾಗಕಿಲ್ಲ…"

"ಕೀ ಕೊಡಲ್ಲ," ಅಂದೆ. "ನಾನೇ ಓಡಿಸಿಕೊಂಡು ಬರ್ತೀನಿ. ಬೇಕಿದ್ರೆ ಹತ್ತಿ."

ಹತ್ತಿದರು. ಸ್ಟೇಷನ್ನಿನಲ್ಲಿ ಬೀಗರನ್ನು ಹಿಂದೆ ಕೂರಿಸಿ, ತಾವು ಮುಂದೆ ನನ್ನ ಪಕ್ಕ ಕೂತರು. ಸಂತೆ ದಿನದ ಜನ, ಆಟೋಗಳು, ಅಡ್ಡ ಬರುವ ದನ, ಎಲ್ಲದರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದೆ. ಹಿಂದಿನಿಂದ ಬೀಗರಲ್ಲೊಬ್ಬ ಹಿರಿಯರು ಕೇಳಿದರು, "ತಂಗಿ ಗಾಡೀನ ಚೆನ್ನಾಗಿ ಓಡಿಸ್ತದಲ್ಲ ಯಜಮಾನ್ರೇ, ನೀವು ಕಲ್ಸಿದ್ದಾ?"

ಭಾವ ಕಿಟಕಿಯ ಆಚೆ ನೋಡಿದರು. "ನಾನಲ್ಲ," ಅಂದರು.

ನಾನು ಗೇರು ಬದಲಾಯಿಸಿದೆ. ಮಾತು ಶುರು ಮಾಡಿದ್ದರೆ ಮದುವೆ ಮನೆ ಬರುವಷ್ಟರಲ್ಲಿ ಮುಗಿಯುತ್ತಿರಲಿಲ್ಲ.