ಟಾರ್ಚಿನಲ್ಲಿ ಕಂಡ ಬೀಗಿತ್ತಿ

ಓಲೆ... ಅಲ್ಲ, ಓಎಲ್... ಮೆಕ್ಯಾನಿಕ್ ಹೇಳಿದ ಆ ಪರದೆಯ ಹೆಸರಿನಲ್ಲಿ ಮುಂದೇನೋ ಇದೆ, ನೆನಪಾಗುತ್ತಿಲ್ಲ. ಧಾರವಾಡದಿಂದ ಮದ್ದೂರಿಗೆ ಸೊಸೆಯಾಗಿ ಬಂದು ಮುದುಕಿಯಾದರೂ ನನ್ನ ಗಂಟಲು ಮಾತ್ರ ಸಣ್ಣದಾಗಿಲ್ಲ. ಅದೇ ಮುಳುವಾಯಿತು.

ಟಿವಿ ರಿಪೇರಿಗೆ ಮೆಕ್ಯಾನಿಕ್ ಬಂದ ದಿನವೇ ಮೊಮ್ಮಗಳು ಸ್ಮಿತಾಳ ಲ್ಯಾಪ್‌ಟಾಪಿನಲ್ಲಿ ಮಳವಳ್ಳಿಯ ಗಂಡಿನ ಮನೆಯವರೊಡನೆ ಅವಳ ಮದುವೆಯ ಮಾತುಕತೆ ನಡೆದಿತ್ತು. “ಹುಡುಗಿಗೆ ಮುದ್ದೆ ಕಟ್ಟಕ್ ಬತ್ತದಾ?” ಎಂದು ಕೇಳಿದ ಗಂಡಿನ ತಾಯಿ, ಕಾಫಿ ಕುಡಿಯಲು ಮಾತು ನಿಲ್ಲಿಸಿದರು. ಆಗಲೇ ಪರದೆ ತಟ್ಟನೆ ಕಪ್ಪಾಯಿತು. ಕಾಲ್ ಕಟ್ಟಾಯಿತು ಅಂದುಕೊಂಡೆ.

“ಈ ಅತ್ತಿ ಕೈಗೆ ಸಿಕ್ರ ನಮ್ಮ ಹುಡುಗಿ ಅಡಗಿಮನಿ ಬಿಟ್ಟು ಹೊರಗ ಬರೂದಿಲ್ಲ!” ಎಂದುಬಿಟ್ಟೆ.

ಮೆಕ್ಯಾನಿಕ್ ಓಡಿಬಂದು ಪರದೆಗೆ ಟಾರ್ಚ್ ಹಿಡಿದ. “ಸುಮ್ಕಿರಿ ಅಜ್ಜಿ! ಹಿಂದ್ಗಡೆ ಲೈಟ್ ಕೆಟ್ಟೋಗದೆ ಅಷ್ಟೇ. ಅವ್ರು ಇಲ್ಲೇ ಅವ್ರೆ!”

ಆ ಬೆಳಕಿನಲ್ಲಿ ಮಸುಕಾಗಿ ಗಂಡಿನ ತಾಯಿ, ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ! ಸ್ಮಿತಾ ತಲೆಯ ಮೇಲೆ ಕೈ ಇಟ್ಟುಕೊಂಡಳು. ಒಪ್ಪಿಗೆಯಾದ ಸಂಬಂಧವನ್ನು ನನ್ನ ಬಾಯೇ ಮುರಿಯಿತು ಅಂದುಕೊಂಡೆ.

“ನಮ್ಮನೇಲಿ ಮುದ್ದೆ ಕಟ್ಟೋನು ನನ್ ಮಗ್ನೇ ಕಣಮ್ಮ. ಹುಡ್ಗಿಗೆ ಬರದಿದ್ರೆ ಅವ್ನೇ ಕಲಿಸ್ಲಿ ಅಂತ ಕೇಳ್ದೆ. ಮೊದ್ಲು ಬಂದು ಉಂಡ್ನೋಡಿ, ಆಮೇಲ್ ಬೈರಿ” ಎಂದು ಆಕೆ ನಕ್ಕರು.

ಆಮೇಲೆ ಮೆಕ್ಯಾನಿಕ್ ಹೇಳಿದ, ಟಿವಿಯಾಗಲಿ ಲ್ಯಾಪ್‌ಟಾಪಾಗಲಿ, ಇನ್ನೊಂದು ಬಗೆಯ ಪರದೆಗೆ ಹಿಂದೆ ದೀಪವೇ ಇಲ್ಲವಂತೆ. ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ಬೆಳಕು ಹೋದರೆ ಚಿತ್ರವೂ ಹೋಯಿತು.

“ಸ್ಮಿತಾ, ಅದರ ಹೆಸರು ಬರಕೋ ಅವ್ವಾ, ಇನ್ನ ಅಂಥಾದ್ದ ತಗೊಳ್ಳೂಣು. ಮತ್ತೊಮ್ಮೆ ನಾಲಿಗಿ ಜಾರಿದ್ರ, ಟಾರ್ಚ್ ಹಿಡದ್ರೂ ನನಗ ಅವರ ಮಾರಿ ಕಾಣಬಾರದು.”