ಬಿಳಿ ಕಫ

ಮೊದಲು ಶುರುವಾದದ್ದು ಏನು ಎಂದು ಡಾಕ್ಟರು ಕೇಳಿದಾಗಲೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಕೆಮ್ಮು. ಜಿಡ್ಡು ಭೇದಿ. ಮುತ್ತಿಟ್ಟರೆ ಉಪ್ಪೆನಿಸುತ್ತಿದ್ದ ಹಣೆ. ಕೊನೆಯದು ಅವ್ವನ ನೆನಪು. ಕೇಳಿ ಕೇಳಿ ನನ್ನದಾಗಿದೆ. ಅದಕ್ಕೇ ಈಚಿನದನ್ನಷ್ಟೇ ಬರೆಯುತ್ತೇನೆ.

ನನಗೂ ತಂಗಿ ಪಾರುವಿಗೂ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್: ಕಫ ಅಂಟಾಗಿ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ, ಮೈಯ ಉಪ್ಪು ಬೆವರಲ್ಲಿ ಹೋಗುತ್ತದೆ. ಅವ್ವ ಮದುವೆಯಾದದ್ದು ತನ್ನ ಸೋದರಮಾವನನ್ನು; ಇಬ್ಬರಲ್ಲೂ ಅದೇ ಜೀನ್ ಅಡಗಿತ್ತಂತೆ. ನನ್ನ ಶ್ವಾಸಕೋಶದಲ್ಲಿ ಆರು ವರ್ಷಗಳಿಂದ ಸೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೀಡುಬಿಟ್ಟಿದೆ. ಪಾರುವಿಗೆ ಇರಲಿಲ್ಲ. ಅವಳಿಗೆ ಹತ್ತಬಾರದೆಂದು ಆಂಧ್ರದ ಆದೋನಿಯ ನಮ್ಮ ಮನೆಯಲ್ಲಿ ಎರಡು ಕೋಣೆ, ಎರಡು ನೆಬ್ಯುಲೈಸರ್, ಊಟಕ್ಕೆ ಬೇರೆ ಬೇರೆ ಹೊತ್ತು. ಮಾತು ಅಂಗಳದ ಈ ತುದಿಯಿಂದ ಆ ತುದಿಗೆ, ಕೂಗಿ. ಕೂಗಿದರೆ ಕೆಮ್ಮು.

"ಅಕ್ಕಾ, ಮೊದಲು ಕೆಮ್ಮಿ ಮುಗಿಸು, ಆಮ್ಯಾಲೆ ಬೈ," ಎನ್ನುತ್ತಿದ್ದಳು.

ಅಪ್ಪ ಹತ್ತಿ ವ್ಯಾಪಾರಿ. ಹಿಡಿ ಅರಳೆಯನ್ನು ಬೆಳಕಿಗೆ ಹಿಡಿದು, ಬಣ್ಣ ನೋಡಿ ದರ್ಜೆ ಹೇಳುವವರು. ಬೆಳಿಗ್ಗೆ ನಮ್ಮ ಕಫದ ಡಬ್ಬಿಗಳನ್ನೂ ಹಾಗೆಯೇ ಬಾಗಿಲಿನ ಬೆಳಕಿಗೆ ಹಿಡಿಯುತ್ತಿದ್ದರು. ನನ್ನದು ಹಸಿರು. ಅವಳದು ಬಿಳಿ.

"ನೋಡವ್ವ, ಒಂದನೇ ನಂಬರು!" ಎಂದು ಪಾರುವಿಗೆ ತೋರಿಸುತ್ತಿದ್ದರು.

ಮೂರು ತಿಂಗಳಿಗೊಮ್ಮೆ ಅವಳ ಕಫದ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕಿತ್ತು. "ಬೆಳ್ಳಗ ಐತಲ್ಲ, ಕೂಸಿನ್ನ ಸುಮ್ಮನ ಕರ್ನೂಲಿಗೆ ಯಾಕ ಎಳದಾಡೋದು?" ಎಂದರು ಅಪ್ಪ. ಒಂದು ಸಲ ತಪ್ಪಿತು. ಮತ್ತೊಂದು ಸಲ. ತಪ್ಪಿಸಬೇಡಿ, ಹೋಗಿಬನ್ನಿ ಎಂದು ನಾನು ಹೇಳಿದ್ದೆನೇ? ಹೇಳಿದ್ದೆ ಎಂದು ಈಗ ಅನ್ನಿಸುತ್ತದೆ. ಅದನ್ನು ನಂಬಬೇಡಿ.

ಹೋದ ತಿಂಗಳು ಕೊನೆಗೂ ಕಲ್ಚರ್ ಆಯಿತು.

ಸೂಡೋಮೊನಾಸ್.

ಡಾಕ್ಟರು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಕಫ ಬಿಳಿಯಿದ್ದರೂ ಅದು ಒಳಗಿರಬಹುದು. ಹೊಸದರಲ್ಲೇ ಸಿಕ್ಕಿದ್ದರೆ ಆಂಟಿಬಯಾಟಿಕ್‌ನಿಂದ ಹೊರಹಾಕುವ ಅವಕಾಶ ಹೆಚ್ಚಿತ್ತು. ಈಗ ಕೊಟ್ಟು ನೋಡೋಣ, ಆಸೆ ಕಡಿಮೆ. ಅದನ್ನು ಓಡಿಸಲೆಂದು ದೇಹ ಎಬ್ಬಿಸುವ ಉರಿಯೂತ ಆರುವುದೇ ಇಲ್ಲ, ಶ್ವಾಸಕೋಶವನ್ನು ಅದೂ ತಿನ್ನುತ್ತದೆ. ನನ್ನಿಂದಲೇ ಹತ್ತಿತೇ ಎಂದು ಕೇಳಿದೆ. ಹೇಳಲಾಗದು, ನೀರಿನಿಂದಲೂ ಬರುತ್ತದೆ ಎಂದರು.

"ದಿನಾ ನೋಡೀನಿ ಸಾರ್. ನಾ ದಿನಾ ನೋಡೀನಿ," ಎಂದರು ಅಪ್ಪ. ತೆಲುಗು ಅವರಿಗೆ ಮರೆತೇ ಹೋಗಿತ್ತು.

ಈಗ ಅವರು ಡಬ್ಬಿಗಳನ್ನು ಮುಟ್ಟುವುದಿಲ್ಲ. ಅವ್ವ ಮುಚ್ಚಿಕೊಂಡು ಒಯ್ಯುತ್ತಾಳೆ.

ಇಬ್ಬರ ಬ್ಯಾಕ್ಟೀರಿಯಾದ ತಳಿ ಬೇರೆಯಿರಬಹುದು, ಇನ್ನೂ ದೂರವೇ ಇರಿ ಎಂದಿದ್ದಾರೆ ಡಾಕ್ಟರು. ನಿನ್ನೆ ಮಧ್ಯಾಹ್ನ ಪಾರು ತಟ್ಟೆ ಹಿಡಿದು ಅಂಗಳ ದಾಟಿ ಬಂದು ನನ್ನ ಹೊಸ್ತಿಲ ಮೇಲೆ ಕೂತಳು.

"ಆಚಿ ಹೋಗ," ಎಂದೆ.

"ಇನ್ನ ಹತ್ತೋದೇನೈತಿ ಅಕ್ಕಾ? ಉಣ್ಣು."

ಅಪ್ಪ ನೋಡಿದರು. ಗಾಳಿಯಾಡಲೆಂದು ಕಿಟಕಿ ತೆರೆದು ಹೋದರು.

ಆರು ವರ್ಷಗಳ ಮೇಲೆ ಅವಳು ಉಣ್ಣುವುದನ್ನು ಹತ್ತಿರದಿಂದ ನೋಡಿದೆ. ಮಜ್ಜಿಗೆಗೆ ನನ್ನ ಹಾಗೆಯೇ ಎರಡೆರಡು ಸಲ ಉಪ್ಪು ಹಾಕಿಕೊಳ್ಳುತ್ತಾಳೆ. ಗೊತ್ತಿರಲಿಲ್ಲ.

ನನಗೆ ಸಂತೋಷವಾಯಿತು. ನೆನಪು ಇದನ್ನು ತಿದ್ದುವ ಮೊದಲು ಬರೆದಿಡುತ್ತಿದ್ದೇನೆ.