ಆಟೊ ಹತ್ತದವರು

ರಾಣೇಬೆನ್ನೂರಿನ ಬಸ್ ಸ್ಟ್ಯಾಂಡ್ ಎದುರು ಹನ್ನೊಂದು ವರ್ಷದಿಂದ ಆಟೊ ಹೊಡೆಯುವ ಮಲ್ಲಿಕಸಾಬರಿಗೆ ಊರ ಹೊರಗಿನ ಡಿಗ್ರಿ ಕಾಲೇಜೆಂದರೆ ಆಗುತ್ತಿರಲಿಲ್ಲ. ಅಲ್ಲಿಯ ಹುಡುಗರನ್ನು ಅವರು ದಿನವೂ ಕಾಣುತ್ತಿದ್ದರು. ಒಬ್ಬ ಕಾಲು ಹೊರಗೆ ಚಾಚಿ ಕೂರುತ್ತಿದ್ದ, ಇನ್ನೊಬ್ಬ ಫೋನಿನಲ್ಲಿ ಮೇಷ್ಟ್ರನ್ನು ಏಕವಚನದಲ್ಲಿ ಬೈಯುತ್ತಿದ್ದ. ಹನ್ನೊಂದಕ್ಕೆ ಕಾಲೇಜಿನ ಮುಂದೆ ಇಳಿದವರೇ ಹನ್ನೆರಡಕ್ಕೆ ಟಾಕೀಸಿನ ಕಡೆ ಹೊರಡುತ್ತಿದ್ದರು.

ಹಾವೇರಿಯ ಕಾಲೇಜಿನ ಮೇಲೆ ಮಾತ್ರ ಅವರಿಗೆ ಬಹಳ ಗೌರವ. ಅಲ್ಲಿ ಓದುವವರಲ್ಲಿ ಅವರಿಗೆ ಗೊತ್ತಿದ್ದವಳು ಒಬ್ಬಳೇ, ಓಣಿಯ ಕಿರಾಣಿ ಅಂಗಡಿಯವರ ಮಗಳು ಸ್ನೇಹಾ. ಎದುರಾದಾಗಲೆಲ್ಲ ನಿಂತು, "ಆರಾಮ ಅದೀರೇನ್ರಿ ಕಾಕಾ?" ಎಂದು ಕೇಳುತ್ತಿದ್ದಳು.

ಮಗಳು ಮೆಹನಾಜ ಪಿಯುಸಿ ಮುಗಿಸಿ, ಊರಿನ ಕಾಲೇಜಿಗೇ ಸೇರುತ್ತೇನೆ ಎಂದಳು. ಅಂದಿನಿಂದ ಮಲ್ಲಿಕಸಾಬರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಊಟದ ನಡುವೆ ಎದ್ದು ಬಾಗಿಲಿಗೆ ಹೋಗಿ ಬರುವರು. ಸ್ಟ್ಯಾಂಡಿನಲ್ಲಿ ತಮ್ಮ ಸರತಿ ಬಂದದ್ದೂ ತಿಳಿಯದೆ, ಹಿಂದಿನವರು ಹಾರ್ನ್ ಹೊಡೆದಾಗ ಬೆಚ್ಚುವರು. ಅಡ್ಮಿಷನ್ನಿಗೆ ನಾಲ್ಕೇ ದಿನ ಉಳಿದಿತ್ತು.

"ಆ ಕಾಲೇಜಿಗೆ ಕಳಸಂಗಿಲ್ಲ. ದಿನಾ ನೋಡಾಕತ್ತೇನಿ ಅಲ್ಲಿ ಹುಡುಗರನ್ನ."

"ಅಬ್ಬಾ, ಅವರು ನಿನ್ನ ಆಟೊ ಹತ್ತೋದು ಎಷ್ಟ ಗಂಟೆಕ್ಕ?" ಮೆಹನಾಜ ಕೇಳಿದಳು.

"ಹನ್ನೊಂದಕ್ಕ."

"ಕಾಲೇಜು ಶುರುವಾಗೋದು ಒಂಬತ್ತೂವರಿಗೆ. ಹೊತ್ತಿಗೆ ಹೋಗೋರು ನಡಕೊಂತ ಹೋಗತಾರ. ಅವರನ್ನ ಯಾವಾಗ ನೋಡೀದಿ?"

ಮಲ್ಲಿಕಸಾಬರು ಎದ್ದು ಬಾಗಿಲಿಗೆ ಹೋಗಿ ಬಂದು ಮತ್ತೆ ಕೂತರು. ಹೆಂಡತಿ ಅಕ್ಬರಬಿ ರೊಟ್ಟಿ ಬಡಿಯುತ್ತಲೇ, "ಹೋಗಿ ನೋಡಿ ಬರ್ರಿ. ಇಲ್ಲೇ ಕುಂತು ಯಾಕ ಒದ್ದಾಡತೀರಿ?" ಎಂದಳು.

ಮರುದಿನ ಒಂಬತ್ತಕ್ಕೇ ಅವರು ಖಾಲಿ ಆಟೊ ತಂದು ಕಾಲೇಜಿನ ಎದುರು ನಿಲ್ಲಿಸಿದರು. ಕುಪ್ಪೇಲೂರಿನ ಬಸ್ಸಿನಿಂದ ಇಳಿದವರು ಬ್ಯಾಗು ಹೊತ್ತು ಬಿರುಸಾಗಿ ನಡೆದು ಬರುತ್ತಿದ್ದರು. ಗುಂಪಿನ ಹಿಂದೆ ಗುಂಪು. ಯಾರೂ ಆಟೊದ ಕಡೆ ನೋಡಲಿಲ್ಲ. ಹನ್ನೊಂದು ವರ್ಷದಲ್ಲಿ ಇವರಲ್ಲಿ ಒಬ್ಬರ ಮುಖವನ್ನೂ ತಾವು ಕಂಡಿಲ್ಲವೆಂದು ಅವರಿಗೆ ಅನಿಸಿತು.

ಸಮಾಧಾನವಾಗುವಷ್ಟರಲ್ಲಿ ಬೈಕಿನ ಮೇಲೆ ಕೂತಿದ್ದ ಇಬ್ಬರು, ಹೋಗುತ್ತಿದ್ದ ಹುಡುಗಿಯರಿಗೆ ಏನೋ ಕೂಗಿದರು. ಮಲ್ಲಿಕಸಾಬರು ಆಟೊ ಬಿಟ್ಟಿಳಿದು ಗೇಟಿನ ಒಳಗೆ ನಡೆದೇ ಬಿಟ್ಟರು. ಬೇವಿನ ಮರದ ಕೆಳಗೆ ಆ ಹುಡುಗಿಯರಲ್ಲಿ ಒಬ್ಬಳು ಸಿಕ್ಕಳು. ಬಿ.ಕಾಂ. ಎರಡನೇ ವರ್ಷ, ಹೆಸರು ಪ್ರಿಯಾಂಕಾ.

"ನನ್ನ ಮಗಳನ್ನ ಇಲ್ಲಿ ಸೇರಸಬೇಕಂತೇನಿ ಯವ್ವಾ. ಖರೇ ಹೇಳು, ಹೆಂಗದ ಇಲ್ಲಿ?"

ಅವಳು ಬೈಕಿನ ಕಡೆ ನೋಡಿ ಹೇಳಿದಳು. "ಅಂಥವರೂ ಅದಾರ್ರೀ. ಹೋದ ವರ್ಷ ಒಬ್ಬ ನಮ್ಮ ಬೆನ್ನು ಹತ್ತಿದ್ದ. ಮೇಡಂಗೆ ಹೇಳಿದ್ವಿ. ಮರುದಿನ ಅವನ ಅಪ್ಪನ್ನ ಕರಸಿ, ನಮ್ಮ ಮುಂದನ ಮಾತಾಡಿದ್ರು. ಮತ್ತ ಬರಲಿಲ್ಲ ಅವ."

"ಈಗ ಕೂಗಿದವರು?"

"ಈಗ ಹೇಳಾಕ ಹೊಂಟೇನ್ರಿ," ಎಂದು ಅವಳು ಸ್ಟಾಫ್ ರೂಮಿನ ಕಡೆ ಹೋದಳು.

ಮಲ್ಲಿಕಸಾಬರು ಅಲ್ಲೇ ನಿಂತರು. ಐದು ನಿಮಿಷಕ್ಕೆ ಕನ್ನಡಕದ ಮೇಡಂ ಒಬ್ಬರು ಹೊರಬಂದು, ಗೇಟು ದಾಟಿ ಬೈಕಿನ ಹತ್ತಿರ ಹೋದರು. ಮಾತು ಕೇಳಿಸಲಿಲ್ಲ, ಆದರೆ ಇಬ್ಬರೂ ಇಳಿದು ತಲೆತಗ್ಗಿಸಿ ನಿಂತದ್ದು ಕಂಡಿತು.

ಅದೇ ವಾರ ಮೆಹನಾಜಳ ಅಡ್ಮಿಷನ್ ಆಯಿತು. ಆದರೂ ಅವಳು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಮಲ್ಲಿಕಸಾಬರು ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದರು.

ಮರುವರ್ಷ, ಮಗನಿಗೆ ಕಾಲೇಜು ಹುಡುಕುತ್ತ ಬಂದು ಆಟೊದಲ್ಲಿ ಕೂತ ಬ್ಯಾಡಗಿಯ ರೈತ ಪ್ರಭುಲಿಂಗಪ್ಪ ಕೇಳಿದರು, "ನಿಮ್ಮ ಮಗಳು ಇಲ್ಲಿ ಡಿಗ್ರಿ ಕಾಲೇಜಿನ್ಯಾಗ ಓದತಾಳಂತ. ಕಾಲೇಜು ಛಲೋ ಐತೇನ್ರಿ ಸಾಹೇಬರ?"

ಛಲೋ ಐತಿ ಎಂಬ ಮಾತು ಮಲ್ಲಿಕಸಾಬರ ಬಾಯಿಗೆ ಬಂದಿತ್ತು. ಅದನ್ನು ತಡೆದುಕೊಂಡರು.

"ನನ್ನ ಮಗಳಿಗೆ ಛಲೋ ಆತು. ಮೊದಲನೇ ತಿಂಗಳು ಗೆಳತ್ಯಾರಿಲ್ಲಂತ ಅತ್ತಳು, ಈಗ ನಗತಾಳ. ಅಕಿ ಒಬ್ಬಾಕೀನ್ನ ನೋಡಿ ನಿಮ್ಮ ಮಗನ್ನ ಅಲ್ಲಿ ಹಚ್ಚಬ್ಯಾಡ್ರಿ. ನಡೀರಿ, ಈಗ ಅಲ್ಲಿಗೇ ಹೋಗೂಣು. ನಾಕು ಮಂದೀನ್ನ ನೀವ ಕೇಳ್ರಿ."